ಸಿಲಬಸ್ ಸಿಗೋಕೆ ಆರು ಕ್ಲಿಕ್ಕು: ವಿಭಾಗದ ವೆಬ್‌ಸೈಟ್ ಎಲ್ಲಿಂದ ಸರಿಮಾಡೋದು?

ಪ್ರಶ್ನೆ: ರಾಜ್ಯದ ಒಂದು ವಿಶ್ವವಿದ್ಯಾಲಯದ ಸ್ನಾತಕೋತ್ತರ ಅರ್ಥಶಾಸ್ತ್ರ ವಿಭಾಗದ ವೆಬ್‌ಸೈಟ್ ಹೊಸದಾಗಿ ಮಾಡಿಸಬೇಕಿದೆ. ಈಗ ಮೇಲ್ಗಡೆ 13 ಮೆನು, ಓಡುವ ಅಕ್ಷರಗಳ ಪಟ್ಟಿ, ಕುಲಪತಿಗಳ ಫೋಟೊ. ಸಿಲಬಸ್ ಬೇಕಂದ್ರೆ ಅಕಾಡೆಮಿಕ್ಸ್, ಬಿಓಎಸ್ (ಅಧ್ಯಯನ ಮಂಡಳಿ), ನಡಾವಳಿ, ವರ್ಷ, ಸೆಮಿಸ್ಟರ್ ಅಂತ ಇಳಿದು ಇಳಿದು ಕೊನೆಗೆ ಒಂದು ಪಿಡಿಎಫ್. ವಿದ್ಯಾರ್ಥಿಗಳು ಬೇಸತ್ತು ವಾಟ್ಸಾಪ್‌ನಲ್ಲೇ ಕೇಳ್ತಾರೆ. ಥೀಮ್ (ಸೈಟಿನ ಬಣ್ಣ, ನೋಟ) ಬದಲಿಸಿದರೆ ಸಾಕಾ ಸರ್?

ಉತ್ತರ (ವೆಬ್ ವಿನ್ಯಾಸಕ): ಥೀಮ್‌ಗೆ ಈಗಲೇ ಕೈ ಹಾಕಬೇಡಿ ಮೇಡಂ. ಬಣ್ಣ ಬದಲಾದರೂ ಸಿಲಬಸ್ ಬಿಓಎಸ್ ಕೆಳಗೇ ಕೂತಿರುತ್ತೆ. ನಿಮ್ಮ ಮೆನು ಕಚೇರಿಯ ಕಡತಗಳ ಕ್ರಮದಲ್ಲಿದೆ. ಸಿಲಬಸ್ಸಿಗೆ ಒಪ್ಪಿಗೆ ಕೊಟ್ಟದ್ದು ಅಧ್ಯಯನ ಮಂಡಳಿ ಅನ್ನೋದು ಕಚೇರಿಗೆ ಬೇಕು. ಮೊದಲ ಸೆಮಿಸ್ಟರಿನ ಹುಡುಗನಿಗೆ ಬಿಓಎಸ್ ಅಂದರೇನು ಅಂತಲೇ ಗೊತ್ತಿರಲ್ಲ.

ಮೊದಲು ಇರೋ ಪುಟಗಳನ್ನೆಲ್ಲ ಎಣಿಸಿ. ಸೈಟಿನ ಪುಟಗಳನ್ನು ಪಟ್ಟಿ ಮಾಡೋ ತಂತ್ರಾಂಶ ಸ್ಕ್ರೀಮಿಂಗ್ ಫ್ರಾಗ್‌ನ ಉಚಿತ ಆವೃತ್ತಿ 500 ವಿಳಾಸಗಳವರೆಗೆ ಹೆಕ್ಕಿ ಕೊಡುತ್ತೆ, ಒಂದು ವಿಭಾಗಕ್ಕೆ ಸಾಮಾನ್ಯವಾಗಿ ಅಷ್ಟು ಸಾಲುತ್ತೆ. ಅದನ್ನು ಎಕ್ಸೆಲ್‌ಗೆ ಹಾಕಿ ಪ್ರತಿ ಸಾಲಿನ ಮುಂದೆ ಮೂರು ವಿಷಯ ಬರೀರಿ: ಕೊನೆಗೆ ತಿದ್ದಿದ್ದು ಯಾವಾಗ, ಯಾರ ಜವಾಬ್ದಾರಿ, ಇಡಬೇಕೋ ಕೂಡಿಸಬೇಕೋ ತೆಗೀಬೇಕೋ. ಜವಾಬ್ದಾರಿ ಕಾಲಂ ಖಾಲಿ ಉಳಿದ ಪುಟ ಹೊಸ ಸೈಟಿಗೆ ಬರೋದೇ ಬೇಡ.

ಆಮೇಲೆ ಎರಡು ವಾರ, ಕಚೇರಿಗೆ ಬರೋ ಫೋನು ಮತ್ತು ವಾಟ್ಸಾಪ್ ಪ್ರಶ್ನೆಗಳನ್ನು ಅವರ ಮಾತಲ್ಲೇ ಬರೆದಿಡಿ. ಮೆನುವಿಗೆ ಹೆಸರು ಅಲ್ಲಿಂದಲೇ ಸಿಗುತ್ತೆ. ಸುಮಾರು 40 ವಿಷಯಗಳನ್ನು ಚೀಟಿಗಳ ಮೇಲೆ ಬರೆದು 15 ಜನರಿಗೆ ಕೊಡಿ, ಒಬ್ಬೊಬ್ಬರಾಗಿ ತಮಗೆ ತೋಚಿದಂತೆ ಗುಂಪು ಮಾಡಲಿ. ಇಲ್ಲೊಂದು ಎಡವಟ್ಟಾಗುತ್ತೆ: ಐದು ಚೀಟಿಗಳಲ್ಲಿ ‘ಸಂಶೋಧನಾ’ ಅಂತ ಶುರುವಾದರೆ ಜನ ಅರ್ಥ ನೋಡದೆ ಪದ ನೋಡಿ ಜೋಡಿಸಿಬಿಡ್ತಾರೆ. ಪದ ಬದಲಿಸಿ ಬರೀರಿ.

ನಿಮ್ಮಂಥ ವಿಭಾಗಕ್ಕೆ ಆರು ಬಾಗಿಲು ಸಾಕು: ಪ್ರವೇಶ, ಕೋರ್ಸ್ ಮತ್ತು ಸಿಲಬಸ್, ಅಧ್ಯಾಪಕರು, ಸಂಶೋಧನೆ, ಸೂಚನೆಗಳು, ಸಂಪರ್ಕ. ಡಿಸೈನ್ ಶುರುವಾಗೋ ಮುಂಚೆ ಈ ಮೆನುವನ್ನು ಬರೀ ಹಾಳೆ ಮೇಲೆ ತೋರಿಸಿ ಐದು ಜನರನ್ನು ಕೇಳಿ: ‘ಮುಂದಿನ ಸೆಮಿಸ್ಟರಿಗೆ ನೀವು ಯಾವ ಪತ್ರಿಕೆ ಆರಿಸಬಹುದು ಅಂತ ಎಲ್ಲಿ ನೋಡ್ತೀರಿ?’ ಪ್ರಶ್ನೆಯಲ್ಲಿ ‘ಕೋರ್ಸ್’, ‘ಸಿಲಬಸ್’ ಅನ್ನೋ ಪದ ಬಂದರೆ ಪರೀಕ್ಷೆ ಕೆಟ್ಟಿತು, ಉತ್ತರ ನೀವೇ ಹೇಳಿಕೊಟ್ಟಂತೆ. ತಪ್ಪು ಕಡೆ ಬೆರಳಿಟ್ಟರೂ ಸುಮ್ಮನಿರಿ.

ಇನ್ನು ಸಿಲಬಸ್ ಪುಟ. ಪಿಡಿಎಫ್ ಮಾತ್ರ ನೇತುಹಾಕಬೇಡಿ. ಪುಟದಲ್ಲೇ ಸೆಮಿಸ್ಟರ್‌ವಾರು ಕೋಷ್ಟಕ ಇರಲಿ: ಪತ್ರಿಕೆ ಸಂಕೇತ, ಹೆಸರು, ಕ್ರೆಡಿಟ್. ಕೆಳಗೆ ಪಿಡಿಎಫ್ ಕೊಂಡಿ, ಪಕ್ಕದಲ್ಲಿ ಅದರ ಗಾತ್ರ. ಎಲ್ಲಕ್ಕಿಂತ ಮೇಲೆ ‘2024–25ರಿಂದ ಸೇರಿದವರಿಗೆ’ ಅನ್ನುವಂಥ ಒಂದು ಸಾಲು. ಅದಿಲ್ಲದಿದ್ದರೆ ಹಳೇ ಬ್ಯಾಚಿನವರು ಹೊಸದನ್ನು, ಹೊಸಬರು ಹಳೇದನ್ನು ಓದ್ತಾರೆ. ಯುಯುಸಿಎಂಎಸ್‌ನಲ್ಲಿರೋ (ರಾಜ್ಯದ ವಿಶ್ವವಿದ್ಯಾಲಯಗಳ ಪ್ರವೇಶ, ಪರೀಕ್ಷೆಯ ಆನ್‌ಲೈನ್ ವ್ಯವಸ್ಥೆ) ದಿನಾಂಕ, ಶುಲ್ಕವನ್ನು ಇಲ್ಲಿ ನಕಲು ಮಾಡಬೇಡಿ. ಅಲ್ಲಿ ಬದಲಾದರೆ ನಿಮ್ಮದು ಸುಳ್ಳಾಗುತ್ತೆ. ಕೊಂಡಿ ಕೊಟ್ಟು ಬಿಡಿ.

ಪ್ರಶ್ನೆ (ಇನ್ನೊಬ್ಬ ಸದಸ್ಯರು): ನಾನು ಐಕ್ಯೂಎಸಿ (ಆಂತರಿಕ ಗುಣಮಟ್ಟ ಖಾತರಿ ಕೋಶ) ನೋಡಿಕೊಳ್ತೀನಿ. ಉನ್ನತ ಶಿಕ್ಷಣ ಸಂಸ್ಥೆಗಳ ಗುಣಮಟ್ಟ ಅಳೆಯೋ ನ್ಯಾಕ್‌ಗೆ ಕೊಟ್ಟ ವರದಿಯಲ್ಲಿ ಹಳೇ ಸೈಟಿನ ನೂರಾರು ಪಿಡಿಎಫ್ ಕೊಂಡಿಗಳಿವೆ. ಹೊಸದಕ್ಕೆ ಹೋದರೆ ಅವುಗಳ ಗತಿ?

ಉತ್ತರ (ವೆಬ್ ವಿನ್ಯಾಸಕ): ಹೆದರಬೇಕಾದ ಜಾಗ ಇದೇ ಸರ್. ಪಿಡಿಎಫ್‌ಗಳ ಫೋಲ್ಡರನ್ನು ಅದೇ ಹೆಸರಲ್ಲಿ, ಅದೇ ದಾರಿಯಲ್ಲಿ ಹೊಸ ಸರ್ವರಿಗೆ ಹಾಗೇ ಎತ್ತಿಡಿ. ವಿಳಾಸ ಬದಲಾಗೋ ಪುಟಗಳಿಗೆ ಒಂದೊಂದಕ್ಕೂ 301 ರೀಡೈರೆಕ್ಟ್ (ಹಳೇ ವಿಳಾಸದಿಂದ ಹೊಸದಕ್ಕೆ ತಾನೇ ಕಳಿಸೋ ಸೂಚನೆ) ಹಾಕಿಸಿ. ಎಲ್ಲವನ್ನೂ ಹೋಂ ಪೇಜಿಗೆ ತಿರುಗಿಸೋದು ಸೋಮಾರಿ ಕೆಲಸ: ನ್ಯಾಕ್ ತಜ್ಞರು ದಾಖಲೆ ಕ್ಲಿಕ್ ಮಾಡಿದರೆ ಕುಲಪತಿಗಳ ಫೋಟೊ ಬರುತ್ತೆ!

ವಿಂಡೋಸ್ ಸರ್ವರಿಂದ ಲಿನಕ್ಸ್‌ಗೆ ಹೋಗ್ತಿದ್ದರೆ ಇಂಗ್ಲಿಷ್ ದೊಡ್ಡಕ್ಷರ ಸಣ್ಣಕ್ಷರದ ವ್ಯತ್ಯಾಸ ಲೆಕ್ಕಕ್ಕೆ ಬರುತ್ತೆ, ನಿನ್ನೆವರೆಗೆ ತೆರೀತಿದ್ದ ಕೊಂಡಿ ಇವತ್ತು 404 (ಪುಟ ಸಿಗಲಿಲ್ಲ). ಹೊಸ ಕಡತಗಳ ಹೆಸರು ರೋಮನ್ ಲಿಪಿಯಲ್ಲಿ, ಸಣ್ಣಕ್ಷರದಲ್ಲಿ, ಖಾಲಿ ಜಾಗವಿಲ್ಲದೆ ಇರಲಿ. ಕನ್ನಡದಲ್ಲಿಟ್ಟರೆ ವಿಳಾಸ ನಕಲು ಮಾಡುವಾಗ ಒಂದೊಂದು ಯುನಿಕೋಡ್ (ಎಲ್ಲ ಭಾಷೆಗಳ ಲಿಪಿಗೂ ಒಂದೇ ಸಂಕೇತ ಪದ್ಧತಿ) ಚಿಹ್ನೆ ಒಂಬತ್ತು ಅಕ್ಷರವಾಗಿ ಹಿಗ್ಗುತ್ತೆ. ‘ಕನ್ನಡ’ ಅನ್ನೋದರಲ್ಲಿ ಕ, ನ, ಒತ್ತು ತರುವ ವಿರಾಮ ಚಿಹ್ನೆ, ನ, ಡ ಅಂತ ಐದು ಚಿಹ್ನೆ, ಅದೊಂದೇ 45 ಅಕ್ಷರ. ವಾಟ್ಸಾಪ್‌ನಲ್ಲಿ ಕಳಿಸಿದರೆ ಏನೆಂದು ಯಾರಿಗೂ ತಿಳಿಯಲ್ಲ.

ಪ್ರಶ್ನೆ (ಮೊದಲು ಕೇಳಿದವರು): ಸೈಟಿನ ಹುಡುಕಾಟದಲ್ಲಿ ‘ಅರ್ಥಶಾಸ್ತ್ರ’ ಅಂತ ಹೊಡೆದರೆ ಏನೂ ಬರಲ್ಲ. ಪುಟದಲ್ಲಿ ಕಣ್ಣಿಗೆ ಕಾಣುತ್ತೆ!

ಉತ್ತರ (ಕನ್ನಡ ತಂತ್ರಾಂಶ ಬಲ್ಲ ಸದಸ್ಯರು): ಆ ಸಾಲನ್ನು ನಕಲು ಮಾಡಿ ನೋಟ್‌ಪ್ಯಾಡಿಗೆ ಅಂಟಿಸಿ ನೋಡಿ. ಇಂಗ್ಲಿಷ್ ಅಕ್ಷರ, ಪೌಂಡ್ ಚಿಹ್ನೆ ಕಲಸಿಕೊಂಡು ಬಂದರೆ ಅದು ಹಳೇ ನುಡಿ ಅಥವಾ ಬರಹ ಫಾಂಟಿನ ಪಠ್ಯ, ಯುನಿಕೋಡ್ ಅಲ್ಲ. ಪರಿವರ್ತಕಕ್ಕೆ ಹಾಕಿ, ಆದರೆ ನಂಬಿ ಹಾಗೇ ಏರಿಸಬೇಡಿ. ಹಳೇ ಪದ್ಧತಿಯಲ್ಲಿ ಅರ್ಕಾವೊತ್ತು ಅಕ್ಷರದ ಆಮೇಲೆ ಕೂತಿರುತ್ತೆ, ಯುನಿಕೋಡ್‌ನಲ್ಲಿ ಮೊದಲು ಬರಬೇಕು. ವರ್ಷ, ಕಾರ್ಯ, ಅರ್ಥ ಈ ಮೂರು ಪದ ಸರಿಯಾಗಿ ಬಂದಿವೆಯಾ ನೋಡಿದರೆ ಅರ್ಧ ತಪ್ಪು ಸಿಕ್ಕಿಬೀಳುತ್ತೆ.

ಸಹಿ ಹಾಕಿ ಸ್ಕ್ಯಾನ್ ಮಾಡಿದ ಸುತ್ತೋಲೆ ಬರೀ ಚಿತ್ರ, ಅದನ್ನು ಹುಡುಕಾಟವೂ ಓದಲ್ಲ, ಅಂಧ ವಿದ್ಯಾರ್ಥಿಯ ಸ್ಕ್ರೀನ್ ರೀಡರೂ ಓದಲ್ಲ. 300 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ ಟೆಸರಾಕ್ಟ್ ಅನ್ನೋ, ಚಿತ್ರದಲ್ಲಿನ ಅಕ್ಷರ ಗುರುತಿಸೋ ತಂತ್ರಾಂಶದಿಂದ ಪಠ್ಯ ತೆಗೀಬಹುದು, ಆದರೂ ತಿದ್ದಬೇಕು. ಸುತ್ತೋಲೆಯ ಸಾರವನ್ನು ಮೂರು ಸಾಲಲ್ಲಿ ಪುಟದಲ್ಲೇ ಟೈಪ್ ಮಾಡೋದು ಅದಕ್ಕಿಂತ ಬೇಗ ಆಗುತ್ತೆ. ಅದರಲ್ಲಿ ‘ಪಠ್ಯಕ್ರಮ’, ‘ಸಿಲಬಸ್’ ಎರಡೂ ಇರಲಿ, ಜನ ಎರಡನ್ನೂ ಹೊಡೀತಾರೆ.

ಇನ್ನೊಂದು: ಇಂಗ್ಲಿಷಿಗೆ ಅಳೆದು ಮಾಡಿದ ಬಟನ್ನಿಗೆ ‘ಅರ್ಥಶಾಸ್ತ್ರ’ ಹಾಕಿದರೆ ‘ಸ್ತ್ರ’ದ ಒತ್ತುಗಳ ಬುಡ ಕತ್ತರಿಸಿಹೋಗುತ್ತೆ. ಎತ್ತರ ಬಿಗಿಯಬೇಡಿ. ಸಾಲಿನ ಎತ್ತರ ಅಕ್ಷರದ ಗಾತ್ರದ 1.6ರಿಂದ 1.8 ಪಟ್ಟು ಇಡಿ, ಅಕ್ಷರಗಳ ನಡುವಿನ ಅಂತರ ಸೊನ್ನೆ ಇರಲಿ.

ಪ್ರಶ್ನೆ (ಮೊದಲು ಕೇಳಿದವರು): ಎಲ್ಲ ಸರಿ. ಓಡುವ ಪಟ್ಟಿ ತೆಗೀಬಾರದು ಅಂತ ಮುಖ್ಯಸ್ಥರು ಹಟ ಹಿಡಿದಿದ್ದಾರೆ.

ಉತ್ತರ (ವೆಬ್ ವಿನ್ಯಾಸಕ): ನಿಮ್ಮ ಅಭಿರುಚಿ ಅಂತ ಹೇಳಬೇಡಿ, ನಿಯಮ ತೋರಿಸಿ. ತಾನಾಗಿಯೇ ಶುರುವಾಗಿ ಐದು ಸೆಕೆಂಡಿಗಿಂತ ಹೆಚ್ಚು ಓಡುವ ಪಠ್ಯವನ್ನು ನಿಲ್ಲಿಸಲು ಓದುಗರಿಗೆ ದಾರಿ ಇರಬೇಕು ಅನ್ನುತ್ತೆ ಡಬ್ಲ್ಯುಸಿಎಜಿ, ಅಂಗವಿಕಲರೂ ವೆಬ್ ಬಳಸುವಂತಿರಲು ಇರೋ ಅಂತರರಾಷ್ಟ್ರೀಯ ಮಾರ್ಗಸೂಚಿ. ಸರ್ಕಾರಿ ವೆಬ್‌ಸೈಟುಗಳ ಮಾರ್ಗಸೂಚಿ ಜಿಐಜಿಡಬ್ಲ್ಯು ಕೂಡ ಅದನ್ನೇ ಆಧರಿಸಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯನ್ನೂ ಪತ್ರದಲ್ಲಿ ಸೇರಿಸಿ. ಮಸುಕು ಬೂದು ಅಕ್ಷರಕ್ಕೂ ಇದೇ ಮದ್ದು: ಹಿನ್ನೆಲೆಗೂ ಅಕ್ಷರಕ್ಕೂ ವ್ಯತ್ಯಾಸ ಕನಿಷ್ಠ 4.5:1 ಇರಬೇಕು.

ಪಟ್ಟಿಯ ಜಾಗದಲ್ಲಿ ಇತ್ತೀಚಿನ ಐದು ಸೂಚನೆ, ದಿನಾಂಕ ಮೊದಲು, ವಿಷಯ ಆಮೇಲೆ. ‘ಅಧಿಸೂಚನೆ’ ಅಂತಷ್ಟೇ ಬರೆದರೆ ಐದೂ ಒಂದೇ ಥರ ಕಾಣುತ್ತೆ. ‘ಪರೀಕ್ಷಾ ಶುಲ್ಕ ಕಟ್ಟಲು ಕೊನೆಯ ದಿನ’ ಅಂತ ಬಿಡಿಸಿ ಬರೀರಿ. ಪ್ರತಿ ಸೂಚನೆ ಹಾಕುವಾಗಲೇ ಅದು ಇಳಿಯೋ ದಿನಾಂಕವನ್ನೂ ತುಂಬುವಂತೆ ಫಾರ್ಮ್ ಮಾಡಿಸಿ, ಇಳಿದದ್ದು ಹಳೇ ಸೂಚನೆಗಳ ಪುಟಕ್ಕೆ ತಾನೇ ಹೋಗಲಿ. ಕುಲಪತಿಗಳ ಫೋಟೊ ‘ವಿಭಾಗದ ಬಗ್ಗೆ’ ಪುಟದಲ್ಲಿ ದೊಡ್ಡದಾಗೇ ಇರಲಿ, ಅಲ್ಲಿ ಯಾರಿಗೂ ಅಡ್ಡ ಬರಲ್ಲ.