ಜವಾರಿ ಹಂದಿಗೆ ರೋಗ ಬರೂದಿಲ್ಲೇನ್ರೀ?

ಪ್ರಶ್ನೆ, ಫೋಂಡಾದಿಂದ:
ನಾ ಹಾವೇರಿ ಕಡಿಯಾಂವ, ಗೋವಾಕ್ಕ ಬಂದು ಹನ್ನೆರಡು ವರ್ಷಾತು. ಸಣ್ಣದೊಂದು ಹಂದಿ ಫಾರ್ಮ್ ಹಾಕೂ ವಿಚಾರ ಐತಿ. ಒಬ್ಬರು ಬಿಳಿ ಯಾರ್ಕ್‌ಶೈರ್ ತಗೋ ಅಂತಾರ. ಇನ್ನೊಬ್ಬರು ಇಲ್ಲೀ ಕರಿ ಹಂದಿ, ಅಗೋಂದಾ ತಳಿ ತಗೋ, ಅದರ ಜೀನ್‌ನ್ಯಾಗ ರೋಗ ತಡಿಯೂ ಶಕ್ತಿ ಐತಿ ಅಂತಾರ. ಸಾಕಿದವರು ಹೇಳ್ರಿ.

ಕಾಣಕೋಣದಿಂದ:
ಎರಡೂ ಸಾಕಿ ನೋಡೇನ್ರೀ ಅಣ್ಣಾರ. ಮಳಿಗಾಲದಾಗ ಬಿಳಿ ಮರಿಗೋಳು ಬೇಧಿ ಹತ್ತಿ ಸೊರಗಿದ್ವು, ಕರಿ ಮರಿ ಕೆಸರಾಗ ಉಳ್ಳಾಡಿಕೊಂಡು ಆರಾಮಿದ್ವು. ನಾನೂ ಊರೆಲ್ಲಾ ಹೇಳಿಕೋತ ತಿರುಗಿದೆ. ಮರುವರ್ಷ ಹಂದಿಜ್ವರ ಬಂತು. ಲಸಿಕೆ ಹಾಕಿಸಿರಲಿಲ್ಲ, ತಪ್ಪು ನಂದ. ಕರಿ, ಬಿಳಿ ಅಂತ ನೋಡಲಿಲ್ಲ, ಗೂಡು ಖಾಲಿ. ಕರಿ ಹಂದಿ ತೂಕ ಬರಾಕ ತಡಾ ಮಾಡ್ತಾವ. ಆದ್ರ ಚೋರಿಸ್ (ಗೋವಾದ ಹಂದಿಮಾಂಸದ ಸಾಸೇಜ್) ಮಾಡೂ ಮಂದಿ ಅದನ್ನ ಹುಡುಕಿಕೊಂಡು ಬರ್ತಾರ.

ವಾಸ್ಕೊದಿಂದ (ಪಶುವೈದ್ಯಕೀಯ ಓದಿದವಳು):
ಇಬ್ಬರು ಹೇಳಿದ್ದರಲ್ಲೂ ಸ್ವಲ್ಪ ಸ್ವಲ್ಪ ನಿಜ ಇದೆ. ರೋಗಾಣು ಹೊಕ್ಕ ಕೂಡಲೇ ಗುರುತು ಹಿಡಿಯುವ ಟಿಎಲ್‌ಆರ್ ಎಂಬ ಕಾವಲು ಜೀನ್‌ಗಳಿವೆ. ಯಾವ ತಳಿಯಲ್ಲಿ ಅವು ಎಷ್ಟು ಚುರುಕು ಎಂಬುದರಲ್ಲಿ ವ್ಯತ್ಯಾಸ ಕಾಣುತ್ತದೆ. ಹಾಗಂತ ಹೆಚ್ಚು ಚುರುಕಾದಷ್ಟೂ ಒಳ್ಳೆಯದು ಅಂದುಕೊಳ್ಳಬೇಡಿ. ಉರಿಯೂತ ಮಿತಿ ಮೀರಿದರೆ ಅದೇ ಹಂದಿಯ ಜೀವ ತೆಗೆಯುತ್ತದೆ.

ಇನ್ನೊಂದು, ರೋಗಕ್ಕೊಂದು ಜೀನ್. ಹಾಲು ಬಿಡಿಸಿದ ಮರಿಗಳಿಗೆ ಬಾವು, ಬೇಧಿ ತರುವ ಒಂದು ಬಗೆಯ ಇ.ಕೋಲಿ ಬ್ಯಾಕ್ಟೀರಿಯಾ ಅಂಟಿಕೊಳ್ಳಲು ಕರುಳಿನಲ್ಲಿ ಒಂದು ಕೊಂಡಿ ಬೇಕು. ಎಫ್‌ಯುಟಿ1 ಜೀನ್‌ನಲ್ಲಿ ಒಂದೇ ಅಕ್ಷರ ಬದಲಾಗಿ, ಆ ಬದಲಾವಣೆ ತಾಯಿ ತಂದೆ ಇಬ್ಬರಿಂದಲೂ ಬಂದಿದ್ದರೆ ಆ ಮರಿಗೆ ಕೊಂಡಿಯೇ ಇರುವುದಿಲ್ಲ. ಇದು ಬಿಳಿ ತಳಿಗಳಲ್ಲೂ ಸಿಗುತ್ತದೆ. ಸಿಡಿ163 ಜೀನ್ ತಿದ್ದಿ ಪಿಆರ್‌ಆರ್‌ಎಸ್ (ಗರ್ಭಪಾತ, ಉಸಿರಾಟದ ತೊಂದರೆ ತರುವ ವೈರಸ್ ರೋಗ) ತಡೆಯುವ ಹಂದಿಗೆ ಅಮೆರಿಕ 2025ರಲ್ಲಿ ಒಪ್ಪಿಗೆ ಕೊಟ್ಟಿತು. ಆದರೆ ಆ ತಿದ್ದುಪಡಿ ಆಫ್ರಿಕನ್ ಹಂದಿಜ್ವರವನ್ನು (ಇದು ಮಾಮೂಲಿ ಹಂದಿಜ್ವರವಲ್ಲ, ಬೇರೆಯೇ ವೈರಸ್‌ನ ರೋಗ) ತಡೆಯಲಿಲ್ಲ.

ಆಫ್ರಿಕದ ವಾರ್ಟ್‌ಹಾಗ್ ಕಾಡುಹಂದಿ ಆ ವೈರಸ್ ಹೊತ್ತುಕೊಂಡೇ ಆರಾಮಾಗಿ ಓಡಾಡುತ್ತದೆ. ಉರಿಯೂತಕ್ಕೆ ಸಂಬಂಧಿಸಿದ ಅದರ ಆರ್‌ಇಎಲ್‌ಎ ಜೀನ್‌ನ ರೂಪವನ್ನು ಸ್ಕಾಟ್ಲೆಂಡಿನ ರೋಸ್ಲಿನ್ ಸಂಸ್ಥೆಯವರು ಸಾಕುಹಂದಿಗೆ ಹಾಕಿ ನೋಡಿದರು. ಅಷ್ಟರಿಂದ ರೋಗ ನಿಲ್ಲಲಿಲ್ಲ. ಲ್ಯಾಬಲ್ಲೇ ಆಗದ್ದನ್ನು ಮಾರುವವನ ಮಾತು ಕೇಳಿ ನಂಬಬೇಡಿ. ಅಗೋಂದಾ ನೋಂದಾಯಿತ ತಳಿ, ಇಲ್ಲಿಯ ಹವೆಗೆ ಒಗ್ಗಿದ್ದು, ಸಾಕುವುದಕ್ಕೆ ಅಷ್ಟು ಕಾರಣ ಸಾಕಲ್ಲ!

ಮಡಗಾಂವದಿಂದ:
ಡಾಕ್ಟರ್ ಅಕ್ಕಾರ ಮಾತಿಗೆ ಒಂದ ಸೇರಿಸ್ತೀನಿ. ಹೋಟೆಲ್ ಮುಸುರಿ ಪುಕ್ಕಟೆ ಸಿಗತೈತಿ ಅಂತ ಹಸೀದ ಸುರುವಬ್ಯಾಡ್ರಿ. ಚೋರಿಸ್ ತುಂಡು ಅದರಾಗ ಇದ್ದ ಇರ್ತಾವ. ಹೊಗಿ ಹಾಕಿದ ಮಾಂಸದಾಗೂ ಆ ಆಫ್ರಿಕನ್ ವೈರಸ್ ತಿಂಗಳಗಟ್ಟಲೆ ಬದುಕತೈತಿ. ಅರ್ಧ ತಾಸು ತಿರುವಿಕೋತ ಕುದಿಸ್ರಿ. ಆ ರೋಗ 2020ರಾಗ ಅಸ್ಸಾಂ ಕಡೆ ಬಂದಾಗಿಂದ ನಾ ಹೊರಗಿನವರನ್ನ ಗೂಡಿನೊಳಗ ಬಿಡೂದಿಲ್ಲ, ಮಾವ ಬಂದ್ರೂ ಬಾಗಿಲದಾಗ ಚಹಾ. ಆ ಆಫ್ರಿಕನ್ ರೋಗಕ್ಕ ನಮ್ಮಲ್ಲಿ ಹಾಕೂ ಲಸಿಕೆ ಇಲ್ಲ. ಹಳೇ ಹಂದಿಜ್ವರಕ್ಕ ಐತಿ, ತಪ್ಪದ ಹಾಕಿಸ್ರಿ.

ಫೋಂಡಾದಿಂದ:
ನಾಕು ಕರಿ ಹೆಣ್ಣು ತಗೊಂಡು ಶುರು ಮಾಡ್ತೀನ್ರೀ. ಮುಸುರಿ ಕುದಿಸಾಕ ಎಷ್ಟು ದೊಡ್ಡ ಹಂಡೆ ಬೇಕಾಗತೈತಿ, ಮಡಗಾಂವದ ಅಣ್ಣಾರ?