ಸಹಾಯ ಬೇಕು: ಪೋಸ್ಟ್‌ಗ್ರೆಸ್‌ನಲ್ಲಿ ಟೇಬಲ್‌ಗಳ ಮಾಲೀಕತ್ವ ಬದಲಿಸುವ ಬಗ್ಗೆ

ಬಲ್ಲವರಿಗೆ ನಮಸ್ಕಾರ. ಮಂಡ್ಯ ತಾಲ್ಲೂಕಿನ ಹಾಲು ಉತ್ಪಾದಕರ ಸಂಘವೊಂದರ ಡೇಟಾಬೇಸನ್ನು (ಪೋಸ್ಟ್‌ಗ್ರೆಸ್ 15) ನಾನು ನೋಡಿಕೊಳ್ಳುತ್ತಿದ್ದೇನೆ. ರೈತರು ಎರಡು ಹೊತ್ತು ಹಾಕುವ ಹಾಲಿನ ಲೀಟರು, ಫ್ಯಾಟ್, ದರಗಳಿಗಾಗಿ ಪ್ರತಿ ತಿಂಗಳೂ ಹೊಸ ಟೇಬಲ್ ಸೃಷ್ಟಿಯಾಗುತ್ತದೆ. ಅದು ಕೆಲಸ ಬಿಟ್ಟುಹೋದ ಪ್ರೋಗ್ರಾಮರ್ ಒಬ್ಬರ ಲಾಗಿನ್ ಮೂಲಕ ಆಗುವುದರಿಂದ ಮಾಲೀಕತ್ವವೂ ಆ ಹೆಸರಿನಲ್ಲೇ ಉಳಿದಿದೆ.

ಕಾರ್ಯದರ್ಶಿಯವರು ಬಟವಾಡೆ ಪಟ್ಟಿ ತೆಗೆಯುವ ಲಾಗಿನ್‌ಗೆ ಎಲ್ಲ ಟೇಬಲ್‌ಗಳ ಮೇಲೂ ಸೆಲೆಕ್ಟ್ (ಓದುವ) ಅನುಮತಿ ಕೊಟ್ಟಿದ್ದೆ. ಆ ಗ್ರ್ಯಾಂಟ್ ಆಗ ಇದ್ದ ಟೇಬಲ್‌ಗಳಿಗಷ್ಟೇ ಅನ್ವಯಿಸುತ್ತದೆ ಎಂಬುದು, ಮರುತಿಂಗಳು ‘ಪರ್ಮಿಷನ್ ಡಿನೈಡ್’ ಎಂದು ಬಂದಾಗಲೇ ತಿಳಿದದ್ದು. ಬಳಿಕ, ಮುಂದೆ ಸೃಷ್ಟಿಯಾಗುವ ಟೇಬಲ್‌ಗಳಿಗೂ ಅನುಮತಿ ಕೊಡುವ ಆಲ್ಟರ್ ಡೀಫಾಲ್ಟ್ ಪ್ರಿವಿಲೆಜಸ್ ಆದೇಶವನ್ನು ಸೂಪರ್‌ಯೂಸರ್ (ಎಲ್ಲ ಅಧಿಕಾರವಿರುವ ಲಾಗಿನ್) ಆಗಿ, ಯಾರು ಸೃಷ್ಟಿಸುವ ಟೇಬಲ್‌ಗಳಿಗೆ ಎಂದು ಹೇಳುವ ‘ಫಾರ್ ರೋಲ್’ ಸೂಚಿಸದೆ ಕೊಟ್ಟೆ. ಹಾಗಾಗಿ ಅದು ಸೂಪರ್‌ಯೂಸರ್ ಸೃಷ್ಟಿಸುವ ಟೇಬಲ್‌ಗಳಿಗೆ ಮಾತ್ರ ಸಂದಿತು, ನಮ್ಮ ಮಾಸಿಕ ಟೇಬಲ್‌ಗಳಿಗೆ ತಾಗಲೇ ಇಲ್ಲ. ಪಟ್ಟಿಯ ಲಾಗಿನ್ನನ್ನೇ ಸೂಪರ್‌ಯೂಸರ್ ಮಾಡಿಬಿಡಿ ಎಂದು ಗೆಳೆಯರೊಬ್ಬರು ಸಲಹೆ ಕೊಟ್ಟರು. ರೈತರ ದುಡ್ಡಿನ ಲೆಕ್ಕ ಇರುವ ಕಡೆ ಅದಕ್ಕೆ ನನ್ನ ಮನಸ್ಸು ಒಪ್ಪುವುದಿಲ್ಲ.

ಲಾಗಿನ್ ಆಗಲು ಬಾರದ ಒಂದು ರೋಲ್ (ಡೇಟಾಬೇಸ್‌ನ ಬಳಕೆದಾರ ಖಾತೆ) ಮಾಡಿ, ರೀಅಸೈನ್ ಓನ್ಡ್ ಆದೇಶದ ಮೂಲಕ ಎಲ್ಲವನ್ನೂ ಅದಕ್ಕೆ ವರ್ಗಾಯಿಸಬೇಕೆಂದಿದ್ದೇನೆ. ಆದರೆ ಮಾಸಿಕ ಪ್ರೋಗ್ರಾಂನ ಲಾಗಿನ್ ಆ ರೋಲ್‌ನ ಸದಸ್ಯನಾಗಿದ್ದರೂ, ಸೆಟ್ ರೋಲ್ ಮಾಡದ (ಅಂದರೆ ಆ ರೋಲ್ ಆಗಿ ಬದಲಾಗದ) ಹೊರತು ಹೊಸ ಟೇಬಲ್ ಮತ್ತೆ ಲಾಗಿನ್ ಹೆಸರಿಗೇ ಸೇರುತ್ತದೆ. ಪ್ರೋಗ್ರಾಂನ ಕೋಡ್ ನನ್ನ ಕೈಯಲ್ಲಿಲ್ಲದ ಕಾರಣ, ಆಲ್ಟರ್ ರೋಲ್ ಆದೇಶದಲ್ಲಿಯೇ ಈ ಸೆಟ್ ರೋಲ್ ಅನ್ನು ಆ ಲಾಗಿನ್‌ಗೆ ಕಾಯಂ ಮಾಡಿ ನಡೆಸಿದವರು ಯಾರಾದರೂ ಇದ್ದೀರಾ? ಸೀಕ್ವೆನ್ಸ್‌ಗಳ (ಕ್ರಮಸಂಖ್ಯೆ ಹುಟ್ಟಿಸುವ ವ್ಯವಸ್ಥೆಗಳ) ವಿಷಯದಲ್ಲಿ ತೊಡಕು ಬಂದಿತ್ತೇ? ಮುಂದಿನ ಬಟವಾಡೆಗೆ ಮೊದಲು ಸರಿಪಡಿಸಬೇಕಾಗಿದೆ, ದಯವಿಟ್ಟು ತಿಳಿಸಿ.