ಸಹಾಯ ಬೇಕು: ದಿನದ ಓಡಾಟಕ್ಕೆ ಹಳೇ ಸ್ಕೋಡಾ ಆಕ್ಟೇವಿಯಾ ಕಾರು, 1.8 ಲೀಟರ್ ಎಂಜಿನ್ನಿಂದು ತಗೊಳ್ಳಲಾ, ಅದರದೇ ಸ್ಪೋರ್ಟಿ ಮಾದರಿ ವಿಆರ್‌ಎಸ್ಸಾ?

ದಿನಾ ಚಿಕ್ಕಮಗಳೂರಿಂದ ಬೇಲೂರು ಮೇಲೆ ಹಾಸನ, ಹೋಗಿಬರೋಕೆ ಹತ್ತತ್ರ 120 ಕಿ.ಮೀ. ಆಗಾಗ ಕೈಮರದಿಂದ ಗಿರಿ ಹತ್ತೋದೂ ಇದೆ.

1.8 ಟಿಎಸ್‌ಐ (ಟರ್ಬೊ ಪೆಟ್ರೋಲ್) ಆಟೋಮ್ಯಾಟಿಕ್‌ನಲ್ಲಿ 7 ಸ್ಪೀಡ್ ಡ್ರೈ ಕ್ಲಚ್. ಏರಲ್ಲಿ ಸಾಲುಗಟ್ಟಿ ತೆವಳಿದ್ರೆ ಕ್ಲಚ್ ಕಾಯುತ್ತೆ, ತಂಪು ಮಾಡೋಕೆ ಅಲ್ಲಿ ಎಣ್ಣೆ ಇರಲ್ಲ. 2017ರ ವಿಆರ್‌ಎಸ್‌ನಲ್ಲಿ 6 ಸ್ಪೀಡ್ ವೆಟ್ ಕ್ಲಚ್, ಅಂದ್ರೆ ಎಣ್ಣೆಯಲ್ಲೇ ತಂಪಾಗೋ ಕ್ಲಚ್, ಆ ಲೆಕ್ಕಕ್ಕೆ ವಾಸಿ. ಗಾಡಿ ಮಾತ್ರ ತಗ್ಗು, ನಮ್ಮ ಹಂಪ್‌ಗಳು ಗೊತ್ತಲ್ಲ!

ನೋಡಿರೋ ವಿಆರ್‌ಎಸ್ 72,000 ಓಡಿದೆ. 60,000ಕ್ಕೆ ಬದಲಿಸಬೇಕಾದ ಗೇರ್‌ಬಾಕ್ಸ್ ಆಯಿಲ್, ಫಿಲ್ಟರ್ ಸರ್ವೀಸ್ ದಾಖಲೆಯಲ್ಲೇ ಇಲ್ಲ. ಮುಂದಿನ ಎಡ ಟೈರ್ ಒಳಅಂಚು ಮಾತ್ರ ಸವೆದು ತಂತಿ ಕಾಣ್ತಿದೆ. ವೀಲ್ ಅಲೈನ್‌ಮೆಂಟ್ ತಪ್ಪಿರಬೇಕು, ಇಲ್ಲಾ ಸಸ್ಪೆನ್ಷನ್ ಆರ್ಮ್‌ನ ರಬ್ಬರ್ ಬುಶ್ ಹೋಗಿರಬೇಕು. ಸ್ಕ್ಯಾನ್ ಮಾಡಿಸಿದೆ, ಎರರ್ ಕೋಡ್ ಇಲ್ಲ. ಗಾಡಿನ ಲಿಫ್ಟ್‌ಗೆ ಹಾಕಿ ಅಡಿ ನೋಡೋಕೆ ಮಾರೋರು ಒಪ್ತಿಲ್ಲ.

12,000 ಕಿ.ಮೀ. ತಡವಾಗಿರೋ ಗೇರ್ ಆಯಿಲ್ ಈಗ ಬದಲಿಸಿದ್ರೆ ಸಾಕಾ, ಇಲ್ಲ ಇದನ್ನ ಬಿಟ್ಟು 1.8ಕ್ಕೇ ಹೋಗಲಾ? ವೆಟ್ ಕ್ಲಚ್ ಗಾಡಿ ಇಟ್ಕೊಂಡಿರೋರು ಹೇಳಿ.